ಮೈಸೂರಿನಿಂದ ದುಬೈಗೆ: ಹೊರಡುವ ಮುಂಚೆ ಮನೆಯಲ್ಲೇ ಮುಗಿಸಬೇಕಾದ ಕೆಲಸ

ದುಬೈ ಅಂದ ತಕ್ಷಣ ಎಲ್ಲರೂ ಮೊದಲು ಕೇಳುವುದು ಟಿಕೆಟ್ ರೇಟು. ಟಿಕೆಟ್ ಆಮೇಲೆ, ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿ ಅಂತೀನಿ ನಾನು. ನಮ್ಮ ಮೈಸೂರು, ಮಂಡ್ಯ ಕಡೆ ಹಳಬರಿಗೆ ಹೆಸರು ಅಂದರೆ ಒಂದೇ ಪದ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. 2022ರ ನವೆಂಬರ್‌ನಿಂದ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಪ್ರವಾಸಿ ವೀಸಾಕ್ಕೆ ಯುಎಇ, ಅಂದರೆ ದುಬೈ ಇರುವ ದೇಶ, ಒಪ್ಪುವುದಿಲ್ಲ. ನಮ್ಮ ಅತ್ತೆಯ ಪಾಸ್‌ಪೋರ್ಟ್ ಹಾಗೇ ಇತ್ತು. ಸರ್‌ನೇಮ್ ಸೇರಿಸಿ ಮರುವಿತರಣೆ ಮಾಡಿಸಿ, ಹೊಸದು ಕೈಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿದೆವು. ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಶುರುವಾದದ್ದು ಮೈಸೂರಿನಲ್ಲೇ. ಆದರೆ ಪೊಲೀಸ್ ವೆರಿಫಿಕೇಶನ್ ಬಂದರೆ ತಡ ಆಗುತ್ತದೆ, ಸಾಕಷ್ಟು ಮುಂಚೆ ಅರ್ಜಿ ಹಾಕಿ. ಹೆಸರಿನ ಜತೆಗೆ ಅವಧಿಯನ್ನೂ ನೋಡಿಕೊಳ್ಳಿ. ಹೋಗುವ ದಿನದಿಂದ ಕನಿಷ್ಠ 6 ತಿಂಗಳು ಉಳಿದಿರಬೇಕು.

ವೀಸಾ, ವಾಪಸ್ ಬರುವ ಟಿಕೆಟ್, ಹೋಟೆಲ್ ಬುಕಿಂಗ್ ಅಥವಾ ನೆಂಟರ ಮನೆ ವಿಳಾಸ ಇವೆಲ್ಲ ಪ್ರಿಂಟ್ ಹಾಕಿಸಿಕೊಳ್ಳಿ. ಮೊಬೈಲ್‌ನಲ್ಲಿ ಇದೆ ಅಂತ ಸುಮ್ನೆ ಇರಬೇಡಿ, ಚಾರ್ಜ್ ಹೋದರೆ ಕೌಂಟರ್‌ನಲ್ಲಿ ಪರದಾಟ.

ಈಗ ಔಷಧಿ ಡಬ್ಬಿ. ಹಿರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ನಿಧಾನವಾಗಿ ಓದಿ. ಅತ್ತೆಗೆ ಮಂಡಿ ನೋವು. ಅವರ ಡಬ್ಬಿ ಬಿಚ್ಚಿ ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ನೋವಿನ ಮಾತ್ರೆಯ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಗೆ ಇತ್ತು. ಹಿಂದೆ, ಪ್ಯಾರಾಸಿಟಮಾಲ್ ಪಕ್ಕದಲ್ಲಿ, ಟ್ರಮಡಾಲ್ ಅಂತ ಸಣ್ಣಗೆ ಬರೆದಿತ್ತು. ಯುಎಇಯಲ್ಲಿ ಟ್ರಮಡಾಲ್ ನಿಯಂತ್ರಿತ ಔಷಧಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಕೂಡ ಅದೇ ಪಟ್ಟಿಯಲ್ಲಿವೆ. ನಮ್ಮಲ್ಲಿ ಡಾಕ್ಟರು ಮಾಮೂಲಿಯಾಗಿ ಬರೆದುಕೊಡುವ ಮಾತ್ರೆ ಅಲ್ಲಿ ಜೈಲಿಗೆ ದಾರಿ ಮಾಡಬಹುದು. ಅದಿಲ್ಲದೆ ಆಗುವುದೇ ಇಲ್ಲ ಅನ್ನುವವರು ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲಿ ಮುಂಚೆಯೇ ಅನುಮತಿ ತೆಗೆದುಕೊಳ್ಳಬೇಕು. ನಾವು ಡಾಕ್ಟರ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸಿಕೊಂಡೆವು. ಬಿಪಿ, ಶುಗರ್ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ. ಸ್ಟ್ರಿಪ್ ಸಮೇತ, ಚೀಟಿ ಸಮೇತ ಕೈಚೀಲದಲ್ಲಿ ಇರಲಿ.

ಅಡುಗೆಮನೆ ಕಥೆಯೇ ಬೇರೆ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವ ಜನವೇ ಅಲ್ಲ ನಾವು. ಮಂಡ್ಯದ ಅತ್ತೆ ಅಂದರೆ ಕೇಳಬೇಕೇ? ಮಗಳಿಗೆ ಅಂತ ಕೊಬ್ಬರಿ ಗಿಟುಕು, ಪಾಯಸಕ್ಕೆ ಗಸಗಸೆ, ತಮಗೆ ಎಲೆ ಅಡಿಕೆ ಎಲ್ಲ ಜೋಡಿಸಿ ಇಟ್ಟಿದ್ದರು. ಆ ಮೂರೂ ತರುವಂತಿಲ್ಲ! ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯ ಇದೆ ಅಂತ 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲೇ ಬಿಡುವುದಿಲ್ಲ. ಗಸಗಸೆ ಯುಎಇ ಲೆಕ್ಕದಲ್ಲಿ ಮಾದಕ ವಸ್ತು, ಬ್ಯಾಗಲ್ಲಿ ಸಿಕ್ಕರೆ ಪಾಯಸಕ್ಕೆ ತಂದೆ ಅಂದರೆ ಯಾರೂ ಕೇಳುವುದಿಲ್ಲ. ಮಸಾಲೆ ಪುಡಿಗೆ ಗಸಗಸೆ ಹಾಕಿ ಕುಟ್ಟಿಸಿದ್ದರೆ ಅದೂ ಮನೆಯಲ್ಲೇ ಇರಲಿ. ವೀಳ್ಯದೆಲೆ, ಪಾನ್ ಕೂಡ ದುಬೈ ಕಸ್ಟಮ್ಸ್‌ನ ನಿಷೇಧಿತ ಪಟ್ಟಿಯಲ್ಲಿವೆ.

ಅತ್ತೆ ಒಪ್ಪಲಿಲ್ಲ. "ಎರಡು ಎಲೆ ತಕಂಡೋದ್ರೆ ಯಾರ್ ನೋಡ್ತಾರವ್ವಾ?" ಅಂದರು. ನನ್ನ ಮಾತಿಗೆ ಬಗ್ಗದವರು ಮಗಳು ಫೋನ್‌ನಲ್ಲಿ "ಅಮ್ಮಾ, ಅತ್ತಿಗೆ ಹೇಳ್ದಂಗೆ ಕೇಳು, ಇಲ್ಲಿ ಇಳಿದ ಮೇಲೂ ಬ್ಯಾಗ್ ಸ್ಕ್ಯಾನ್ ಮಾಡ್ತಾರೆ" ಅಂದ ಮೇಲೆ ಎಲೆಯ ಕಟ್ಟು ತೆಗೆದಿಟ್ಟರು. ಮೈಸೂರ್ ಪಾಕ್, ಚಕ್ಕುಲಿ, ಗಸಗಸೆ ಇಲ್ಲದ ಹುಳಿಪುಡಿ ಆರಾಮಾಗಿ ಬಂದವು. ತುಪ್ಪ, ಉಪ್ಪಿನಕಾಯಿ ಚೆಕ್-ಇನ್ ಲಗೇಜ್‌ಗೆ ಹಾಕಿ, ಕೈಚೀಲದಲ್ಲಿ 100 ಎಂಎಲ್ ಮೀರಿದ ದ್ರವ ಬಿಡುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು.

ಇನ್ನು ಬೇರೆಯವರ ಬ್ಯಾಗ್. ಹೊರಡುವ ಸುದ್ದಿ ಬೀದಿಗೆ ಗೊತ್ತಾದರೆ ಸಾಕು, ನಮ್ಮ ಹುಡುಗನಿಗೆ ಒಂದು ಪೊಟ್ಟಣ ಕೊಟ್ಟುಬಿಡಿ ಅಂತ ಯಾರಾದರೂ ಬಂದೇ ಬರುತ್ತಾರೆ. ಬಿಚ್ಚಿ ನೋಡದೆ ಏನನ್ನೂ ತೆಗೆದುಕೊಳ್ಳಬೇಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಹಾಗೇ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸ ಸಿಗುತ್ತದೆ ಅನ್ನುವ ಏಜೆಂಟರನ್ನು ನಂಬಬೇಡಿ. ಆ ವೀಸಾದಲ್ಲಿ ದುಡಿಯುವುದೇ ಅಲ್ಲಿ ಅಪರಾಧ. ಕೆಲಸಕ್ಕೆ ಹೋಗುವವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟರ ನೋಂದಣಿ ಇದೆಯಾ ನೋಡಲಿ.

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಹಿರಿಯರ ಹಳೆ ಕಾಯಿಲೆಗಳನ್ನು ಫಾರಂನಲ್ಲಿ ಮುಚ್ಚಿಡಬೇಡಿ. ಹೊರಡುವ ವಾರ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನೂ ನೋಡಿ. 2025ರ ಜೂನ್‌ನಲ್ಲಿ ಆ ಕಡೆ ಗಲಾಟೆಯಾದಾಗ ಕೊಲ್ಲಿ ದೇಶಗಳು ವಾಯುಮಾರ್ಗ ಮುಚ್ಚಿ ಎಷ್ಟೋ ವಿಮಾನಗಳು ನಡುದಾರಿಯಲ್ಲೇ ತಿರುಗಿದ್ದವು.

ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಎಕ್ಸ್‌ಪ್ರೆಸ್‌ವೇ ಬೇಗ ದಾಟಿದರೂ ಬೆಂಗಳೂರಿನ ಟ್ರಾಫಿಕ್ ನಂಬುವಂತಿಲ್ಲ. ವಿಮಾನಕ್ಕೆ 3 ಗಂಟೆ ಮುಂಚೆ ಟರ್ಮಿನಲ್ 2ರಲ್ಲಿ ಇರುವ ಹಾಗೆ ಹೊರಡಿ.

ಅಲ್ಲಿ ಇಳಿದ ಮೇಲೆ ಕಳ್ಳಕಾಕರ ಭಯ ಕಡಿಮೆ, ಹೆಂಗಸರು ರಾತ್ರಿಯೂ ಧೈರ್ಯವಾಗಿ ಓಡಾಡುತ್ತಾರೆ. ಭಯ ಪಡಬೇಕಾದ್ದು ಕಾನೂನಿಗೆ. ಅನುಮತಿ ಇಲ್ಲದೆ ಬೇರೆಯವರ ಫೋಟೊ ತೆಗೆಯುವಂತಿಲ್ಲ, ಸರ್ಕಾರಿ ಕಟ್ಟಡ, ಸೇನೆಯ ಜಾಗಗಳ ಫೋಟೊ ಅಂತೂ ಬೇಡವೇ ಬೇಡ. ವಾಟ್ಸಾಪ್‌ನಲ್ಲಿ ಬೈದರೂ ಕೇಸ್ ಆಗುತ್ತದೆ. ಮೆಟ್ರೊದಲ್ಲಿ ತಿಂದರೆ, ಚೂಯಿಂಗ್ ಗಮ್ ಅಗಿದರೂ 100 ದಿರ್ಹಮ್ ದಂಡ. ಹೆಂಗಸರು, ಮಕ್ಕಳ ಬೋಗಿಗೆ ಗಂಡಸರು ಹತ್ತಿದರೂ ಅಷ್ಟೇ ದಂಡ. ನಮ್ಮ ಯಜಮಾನರು ಎರಡು ಸಲ ಹತ್ತಲು ಹೋಗಿ ನನ್ನ ಕೈಯಲ್ಲಿ ಎಳೆಸಿಕೊಂಡರು. ಸಾಮಾನ್ಯವಾಗಿ ಅಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಫೋನ್ ಸಿಗುತ್ತಿಲ್ಲ ಅಂತ ಗಾಬರಿ ಆಗುತ್ತಾರೆ.

ಪೊಲೀಸ್ 999, ಆಂಬುಲೆನ್ಸ್ 998. ಭಾರತೀಯ ಕಾನ್ಸುಲೇಟ್‌ನ ಸಹಾಯ ಕೇಂದ್ರದ ಉಚಿತ ಸಂಖ್ಯೆ 800 46342. ಮೂರನ್ನೂ ಕಾಗದದಲ್ಲಿ ಬರೆದು ಹಿರಿಯರ ಪರ್ಸ್‌ನಲ್ಲಿಡಿ, ಜತೆಗೆ ಪಾಸ್‌ಪೋರ್ಟ್‌ನ ಜೆರಾಕ್ಸ್.

ಕೊನೆಗೆ ಚಿನ್ನ. ಅಲ್ಲಿಂದ ತರುವಾಗ ಹೆಂಗಸರಿಗೆ 40 ಗ್ರಾಂವರೆಗೆ ಸುಂಕ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ರಿಯಾಯಿತಿ ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿದ್ದು ವಾಪಸ್ ಬರುವವರಿಗೆ. ಸುತ್ತಾಡಲು ಹೋದವರಿಗೆ ಇಲ್ಲ. ಇಲ್ಲಿಂದಲೇ ಭಾರಿ ಒಡವೆ ಹಾಕಿಕೊಂಡು ಹೋಗುವುದಿದ್ದರೆ ಹೊರಡುವಾಗ ಬೆಂಗಳೂರು ಕಸ್ಟಮ್ಸ್‌ನಲ್ಲಿ ತೋರಿಸಿ, ಇವು ಇಲ್ಲಿಂದಲೇ ಹೋದವು ಅನ್ನುವುದಕ್ಕೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅಲ್ಲಿ ಕೊಂಡಿದ್ದರೆ ಬಿಲ್ ಹಿಡಿದು ನೇರ ರೆಡ್ ಚಾನೆಲ್‌ಗೆ, ಅಂದರೆ ಸುಂಕದ ವಸ್ತು ಇರುವವರ ದಾರಿಗೆ, ಹೋಗಿ, ಸುಂಕ ಕಟ್ಟಿ ಹೊರಗೆ ಬನ್ನಿ.