ವಾಸಿಯಾಗಿ ಇಪ್ಪತ್ತು ವರ್ಷ ಆಯ್ತಲ್ಲ, ಇನ್ನೂ ಯಾಕೆ ಎಕೋ?

ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ನಾನು ಅದನ್ನು ಮಾಡಿಸುತ್ತಲೇ ಇರುವುದು ಯಾಕೆ ಅಂತ ಮದುವೆ ಮನೆಯಲ್ಲೂ ಕೇಳುತ್ತಾರೆ, ಆಫೀಸಿನಲ್ಲೂ ಕೇಳುತ್ತಾರೆ. "ಕ್ಯಾನ್ಸರ್ ಚಿಕ್ಕಂದಿನಲ್ಲೇ ವಾಸಿ ಆಯ್ತಲ್ಲ, ಈಗ ಹಾರ್ಟಿಗೇನಾಗಿದೆ? ಸುಮ್ನೆ ನೆಟ್‌ನಲ್ಲಿ ಓದಿ ಹೆದರ್ಕೊಂಡಿದೀಯ ಅಲ್ವಾ?"

ನೆಟ್‌ನಲ್ಲಿ ಓದಿದ್ದು ನಿಜ.

ಹದಿಮೂರನೇ ವಯಸ್ಸಿನಲ್ಲಿ ನನಗೆ ಹಾಡ್ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್ ಆಗಿತ್ತು. ವಾರ್ಡಿನಲ್ಲಿ ನಾವು 'ಕೆಂಪು ಔಷಧಿ' ಅನ್ನುತ್ತಿದ್ದದ್ದು ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿಗೆ. ಅದನ್ನು ಕೊಟ್ಟ ದಿನ ಮೂತ್ರವೂ ಕೆಂಪಗಾಗುತ್ತಿತ್ತು. ಮೊದಲ ಸಲ ಅಮ್ಮ ರಕ್ತ ಅಂದುಕೊಂಡು ನರ್ಸ್ ಹತ್ತಿರ ಓಡಿದ್ದಳು. ಗಡ್ಡೆ ಕರಗಿಸಿದ ಅದೇ ಔಷಧಿ ಹೃದಯದ ಸ್ನಾಯುವಿಗೂ ಪೆಟ್ಟು ಕೊಡುತ್ತದೆ. ಅಲ್ಲಿ ಸತ್ತ ಜೀವಕೋಶಗಳ ಜಾಗಕ್ಕೆ ಹೊಸವು ಹುಟ್ಟುವುದು ತೀರಾ ಕಡಿಮೆ. ಉಳಿದವೇ ಆ ಕೆಲಸವನ್ನೂ ಹೊತ್ತು ವರ್ಷಗಟ್ಟಲೆ ತಳ್ಳುತ್ತವೆ. ಹಾಗಾಗಿ ತೊಂದರೆ ಹತ್ತಿಪ್ಪತ್ತು ವರ್ಷ ಬಿಟ್ಟು ತಲೆ ಎತ್ತಬಹುದು. ಏದುಸಿರು ಶುರುವಾಗುವ ಮೊದಲೇ ಅದು ಎಕೋದಲ್ಲಿ ಸಿಗಬಹುದು.

ಮಕ್ಕಳ ಕ್ಯಾನ್ಸರ್ ಮೇಲೆ ಕೆಲಸ ಮಾಡುವ ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್‌ನವರ 'ಹೆಲ್ತ್ ಲಿಂಕ್ಸ್' ಅಂತ ಪುಟಗಳಿವೆ, ಪುಕ್ಕಟೆ. ಇದೆಲ್ಲ ನನಗೆ ಮೊದಲು ಅರ್ಥವಾಗಿದ್ದು ಅಲ್ಲಿ. ಆದರೆ ಎಷ್ಟು ಓದಿದರೂ ನಾನು ಎಷ್ಟು ಅಪಾಯ ಇರುವವರ ಗುಂಪಿಗೆ ಸೇರುತ್ತೇನೆ ಅನ್ನುವುದು ಗೊತ್ತಾಗಲಿಲ್ಲ. ಅದಕ್ಕೆ ಒಟ್ಟು ಎಷ್ಟು ಡೋಸ್ ಹೋಗಿದೆ ಅಂತ ಗೊತ್ತಿರಬೇಕು. ಆಸ್ಪತ್ರೆಯಲ್ಲಿ ಕೇಳಿದರೆ ಹಳೇ ಫೈಲ್ ಇಲ್ಲ ಅಂದರು. ಕೊನೆಗೆ ಅಪ್ಪನ ಟ್ರಂಕಿನಲ್ಲಿ, ಪಹಣಿಗಳ ನಡುವೆ, ಡಿಸ್ಚಾರ್ಜ್ ಸಮ್ಮರಿ ಸಿಕ್ಕಿತು. ಪುಣ್ಯಾತ್ಮ, ಜಮೀನಿನ ಕಾಗದದಷ್ಟೇ ಜೋಪಾನ ಮಾಡಿದ್ದ.

ಮೈಯ ಒಂದು ಚದರ ಮೀಟರ್ ಲೆಕ್ಕಕ್ಕೆ ಸೈಕಲ್ಲಿಗೆ, ಅಂದರೆ ಕೀಮೋದ ಒಂದು ಸುತ್ತಿಗೆ, 50 ಮಿಲಿಗ್ರಾಂ, ಆರು ಸೈಕಲ್. ಒಟ್ಟು 300. ಅಂತರರಾಷ್ಟ್ರೀಯ ತಜ್ಞರ ಗುಂಪಿನ 2023ರ ಮಾರ್ಗಸೂಚಿ ಪ್ರಕಾರ 250 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಎರಡು ವರ್ಷಕ್ಕೊಮ್ಮೆ ಎಕೋ. 100ರಿಂದ 250ರೊಳಗಿದ್ದರೆ ಐದು ವರ್ಷಕ್ಕೊಮ್ಮೆ. 100ಕ್ಕಿಂತ ಕಡಿಮೆ ಇದ್ದು, ಏನೂ ತೊಂದರೆ ಕಾಣದವರಿಗೆ ಹೀಗೆ ಮತ್ತೆಮತ್ತೆ ಬೇಕಿಲ್ಲ. ಎದೆಗೆ ರೇಡಿಯೇಷನ್ ಆಗಿದ್ದರೆ ಲೆಕ್ಕ ಬೇರೆ. ಗರ್ಭಿಣಿಯಾಗುವ ಮೊದಲು ಡಾಕ್ಟರಿಗೆ ಈ ಕಥೆಯೆಲ್ಲ ಹೇಳಲೇಬೇಕು. ನನ್ನ ತಂಗಿಯ ಗೆಳತಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ವಾಸಿಯಾದ ಮಕ್ಕಳಿಗಂತಲೇ 1991ರಿಂದ ಕ್ಲಿನಿಕ್ ಇದೆ. ನಮ್ಮ ಊರುಗಳಿಂದ ಅಷ್ಟು ದೂರ ಎಲ್ಲರೂ ಹೋಗುವುದಕ್ಕಾಗುತ್ತದಾ?

ಕಳೆದ ಸಲ ಎಕೋ ಮಾಡುವ ಹುಡುಗಿ "ಏನು ತೊಂದರೆ?" ಅಂತ ಕೇಳಿದಳು. ಏನೂ ಇಲ್ಲ ಅಂದೆ. ಚೀಟಿಯಲ್ಲಿ ಏನು ಬರೆಯಲಿ ಅಂತ ಪೆನ್ ಹಿಡಿದು ಕೂತಳು. "ಡಾಕ್ಸೊರುಬಿಸಿನ್, 300" ಅಂದೆ. ಸ್ಪೆಲಿಂಗ್ ಕೇಳಿಕೊಂಡು ಬರೆದಳು.