ಗೋಡೆಗೆ ಇನ್ಸುಲೇಷನ್ ಹಾಕೋ ಮುಂಚೆ ಸೂರಿನ ಅಂಚು ನೋಡಿ

ಹೊರಗೋಡೆಗೆ 100 ಮಿ.ಮೀ. ದಪ್ಪದ ಇನ್ಸುಲೇಷನ್ (ಚಳಿ, ಬಿಸಿಲು ತಡೆಯುವ ಬೋರ್ಡ್) ಅಂಟಿಸಿದರೆ ಸೂರಿನ ಚಾಚು ಅಷ್ಟೇ ಕಡಿಮೆಯಾಗುತ್ತದೆ. 150 ಮಿ.ಮೀ. ಮುಂದೆ ಬಂದಿದ್ದ ಅಂಚು, ಪ್ಲಾಸ್ಟರ್ ದಪ್ಪವೂ ಸೇರಿದರೆ 40 ಮಾತ್ರ ಉಳಿಯುತ್ತದೆ. ನನಗೆ ಇದು ಹೊಳೆದದ್ದು ಬೋರ್ಡ್ ಹಿಡಿದು ಏಣಿ ಹತ್ತಿದ ಮೇಲೆ.

ಸೂರಿನ ಕೆಳಹಲಗೆವರೆಗೆ ಬೋರ್ಡ್ ತಂದು ಸುಮ್ನೆ ನಿಲ್ಲಿಸಿಬಿಡುವವರೇ ಜಾಸ್ತಿ. ಆದರೆ ಗೋಡೆ ಅಲ್ಲಿಗೆ ಮುಗಿಯುವುದಿಲ್ಲ, ಅಲ್ವಾ? ಹಲಗೆಯ ಹಿಂದೆ ಇನ್ನೂ ಒಂದು ಗೇಣು ಗೋಡೆ ಬರಿದಾಗಿ ಉಳಿಯುತ್ತದೆ, ಚಳಿಗಾಲದಲ್ಲಿ ಆ ಪಟ್ಟಿ ತಣ್ಣಗಾಗಿ ಒಳಗೆ ಸೀಲಿಂಗ್ ಮೂಲೆಯಲ್ಲಿ ತೇವ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ನಾನು ಹಲಗೆ ಬಿಚ್ಚಿಸಿ, ಗೋಡೆಯ ಇನ್ಸುಲೇಷನ್ ಅಟ್ಟದ ಇನ್ಸುಲೇಷನ್‌ಗೆ ತಾಗುವ ಹಾಗೆ ಮಾಡಿಸಿದೆ. ಹಾಗಂತ ಪೂರ್ತಿ ತುಂಬಬೇಡಿ. ಅಟ್ಟದೊಳಗೆ ಗಾಳಿ ಆಡುವ ಛಾವಣಿಯಾದರೆ ಸೂರಿನಿಂದ ಗಾಳಿ ಒಳಗೆ ಹೋಗುವ ಸಂದು ತೆರೆದೇ ಇರಬೇಕು, ಮುಚ್ಚಿದರೆ ಒಳಗಿನ ಮರ ಕೊಳೆಯುತ್ತದೆ.

ತ್ರಿಕೋನ ಗೋಡೆಯ ಕಡೆ ಚಾಚೇ ಇರಲಿಲ್ಲ. ಲೋಹದ ಪಟ್ಟಿ ಕೂರಿಸಿ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿದರೆ ಸಾಕು ಅಂದರು ಕೆಲಸದವರು, ನಾನು ಒಪ್ಪಲಿಲ್ಲ. ಸೀಲಂಟ್ ಬಿರುಕು ಬಿಟ್ಟ ದಿನ ನೀರು ಬೋರ್ಡ್ ಹಿಂದೆ ಇಳಿಯುತ್ತದೆ, ಹೊರಗಿಂದ ಗೊತ್ತೇ ಆಗುವುದಿಲ್ಲ. ಕೊನೆಗೆ ಹೆಂಚು ಕೂರುವ ರೀಪರ್ ಪಟ್ಟಿಗಳನ್ನು ಉದ್ದ ಮಾಡಿ ಹೆಂಚನ್ನೇ ಮುಂದಕ್ಕೆ ತಂದೆವು. ಖರ್ಚು ಜಾಸ್ತಿಯಾಯಿತು, ಆದರೂ ಈಗ ಮಳೆ ಬಂದಾಗ ಹನಿ ಗೋಡೆಗೆ ತಾಗದೆ ದೂರ ಬೀಳುತ್ತದೆ.