ಹಾಲುಮಡ್ಡಿಯ ಕಂಪು

ಊರಿನಿಂದ ಅತ್ತೆ ಹಾಲುಮಡ್ಡಿಯ ಊದುಬತ್ತಿ ತಂದಿದ್ದಾರೆ. ಹಾಲುಮಡ್ಡಿ ಎಂದರೆ ಪಶ್ಚಿಮ ಘಟ್ಟದ ಮರವೊಂದರ ತೊಗಟೆಗೆ ಕಚ್ಚು ಹಾಕಿದಾಗ ಒಸರುವ ಅಂಟು. ಗಾಳಿಯ ತೇವವನ್ನು ಹೀರುವ ಗುಣ ಅದಕ್ಕಿದೆ. ಮುಂಬೈ ಬಳಿಯ ಡೊಂಬಿವಲಿಯ ಈ ಮಳೆಯಲ್ಲಿ ಕಡ್ಡಿ ಬೆರಳಿಗೆ ಮೆತ್ತಗೆ ಅಂಟುತ್ತದೆ. ಇದ್ದಿಲು ಪುಡಿಯ ಕಡ್ಡಿಯನ್ನು ಸುಗಂಧದ ಎಣ್ಣೆಯಲ್ಲಿ ಅದ್ದಿ ತೆಗೆದದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇದರ ಕಂಪು ನಿಧಾನ, ಸಿಹಿ.

ಆದರೂ ಹೊಗೆ ಹೊಗೆಯೇ. ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಇದರಲ್ಲೂ ಇರುತ್ತವೆ, ಮಾವನವರಿಗೆ ಉಬ್ಬಸ ಬೇರೆ. “ಒಂದೇ ಕಡ್ಡಿ ಸಾಕು ಅತ್ತೆ, ಕಿಟಕಿ ತೆರೆದಿರಲಿ” ಎಂದೆ. ಅವರು ಮಾತಾಡದೆ ಕಡ್ಡಿಯನ್ನು ಅರ್ಧಕ್ಕೆ ಮುರಿದು, ಮರಳು ತುಂಬಿದ ಹಿತ್ತಾಳೆ ಬಟ್ಟಲಿನಲ್ಲಿ ನೆಟ್ಟು, ಪರದೆಯಿಂದ ದೂರ, ಬಾಲ್ಕನಿಯ ತುಳಸಿಯ ಬಳಿ ಇಟ್ಟರು. ಲೋಕಲ್ ರೈಲು ಹಿಡಿಯಲು ಮೆಟ್ಟಿಲಿಳಿಯುವಾಗಲೂ ಆ ಪರಿಮಳ ಸೆರಗಿನಲ್ಲಿತ್ತು.